ಅಂಚು ಮುಗಿದರೇ ಕೆಲಸ ಮುಗಿದಂತೆ

ಮಕ್ಕಳೇ, ಮಂಡ್ಯದ ನಮ್ಮ ಹಿತ್ತಿಲಲ್ಲಿ ತೇಗದ ಹಲಗೆ ಜೋಡಿಸಿ ನಾನೇ ಒಂದು ಜಗಲಿ ಮಾಡಿದೆ. ಮೊದಲ ದಿನವೇ ಮೊಮ್ಮಗಳ ಅಂಗಾಲಿಗೆ ಸಿಬಿರು ಚುಚ್ಚಿತು. ತಪ್ಪು ನನ್ನದೇ, ಅಂಚುಗಳನ್ನು ಹಾಗೇ ಬಿಟ್ಟಿದ್ದೆ.

ಮರುದಿನ ದಾರ ಹಿಡಿದು ಗೆರೆ ಎಳೆದು, ಹಲಗೆಗಳ ತುದಿಯನ್ನೆಲ್ಲ ಒಂದೇ ಸಮಕ್ಕೆ ಕೊಯ್ದೆ. ಉಪ್ಪುಕಾಗದದಿಂದ, ಮೊದಲು 80, ಆಮೇಲೆ 120ನೇ ನಂಬರಿನದರಿಂದ, ಉಜ್ಜಿ ಚೂಪು ಮುರಿದೆ. ಮರ ಹೆಚ್ಚು ನೀರು ಕುಡಿಯುವುದು ಕೊಯ್ದ ತುದಿಯಿಂದ. ಬೇರಿನ ನೀರು ಏರಿಸಿದ ಸಣ್ಣ ಕೊಳವೆಗಳು ಅಲ್ಲಿ ಬಾಯ್ದೆರೆದಿರುತ್ತವೆ. ಅದಕ್ಕೇ ತುದಿಗೆ ಎರಡು ಸಲ ವಾರ್ನಿಷ್ ಬಳಿದೆ.

ಶ್ರೀರಂಗಪಟ್ಟಣದಲ್ಲಿ 1784ರ ದರಿಯಾ ದೌಲತ್‌ನ ತೇಗದ ಕಂಬಗಳು ಇಂದಿಗೂ ನಿಂತಿವೆ. ಹೋದಾಗ ಅಂಚುಗಳನ್ನೂ ನೋಡಿ.

ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದೆ ಮನೆಗೆ ಹೊರಡುವಂತಿರಲಿಲ್ಲ. ಈಗ ಮೊಮ್ಮಗಳು ಜಗಲಿಯ ಮೇಲೆ ಬರಿಗಾಲಲ್ಲಿ ಕುಣಿಯುತ್ತಾಳೆ. ನನ್ನ ಲೆಕ್ಕ ತಾಳೆಯಾಯಿತು!