ಲಿಥಿಯಂ ಹಾಕಿಸಿದ್ದಾಯಿತು, ತುಂಬುವವರು ಯಾರು?

ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ–ಅಲ್ಲಾಪಟ್ಟಣದ ಕಲ್ಲಿನಲ್ಲಿ ಲಿಥಿಯಂ ಇದೆಯೆಂಬ ಸುದ್ದಿ 2020ರಲ್ಲಿ ಬಂದಾಗ ಪತ್ರಿಕೆಗಳು 14,100 ಟನ್ ಎಂದು ಸಂಭ್ರಮಿಸಿದವು. ಶೋಧನೆ ಮುಂದುವರಿದ ಮೇಲೆ ಸರ್ಕಾರ ಸಂಸತ್ತಿನಲ್ಲಿ ಹೇಳಿದ ಲೆಕ್ಕ 1,600 ಟನ್. ಅಂಕಿ ಕುಗ್ಗಿತೇ ಹೊರತು ಲಿಥಿಯಂ ಎಂಬ ಹೆಸರಿನ ಮಹಿಮೆ ಕುಗ್ಗಲಿಲ್ಲ. ಹಳೆಯ ಜೀಪನ್ನೋ ಟೆಂಪೊ ಟ್ರಾವೆಲರನ್ನೋ ಮಲಗುವ ಮನೆ (ಕ್ಯಾಂಪರ್) ಮಾಡಿಕೊಂಡು ಕಲ್ಲುಮಣ್ಣಿನ ದಾರಿ ಹಿಡಿಯುವವರಲ್ಲಿ ಈಗ ಒಂದು ನಂಬಿಕೆ ಗಟ್ಟಿಯಾಗಿದೆ: ಸೀಸದ ಬ್ಯಾಟರಿ ಕಿತ್ತು ಅದೇ ಜಾಗದಲ್ಲಿ ಲಿಥಿಯಂ ಕೂರಿಸಿದರೆ ಕರೆಂಟಿನ ಚಿಂತೆ ಮುಗಿಯಿತು. ಅರ್ಧ ನಿಜ. 100 ಎಎಚ್‌ನ (ಆಂಪಿಯರ್-ಅವರ್) ಸೀಸದ ಬ್ಯಾಟರಿ 30 ಕಿಲೋ ಆಸುಪಾಸು ತೂಗುತ್ತದೆ, ಅದು ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುವಂತಿಲ್ಲ. ಅಷ್ಟೇ ಎಎಚ್‌ನ ಲಿಥಿಯಂ ಬ್ಯಾಟರಿ ಸುಮಾರು 12 ಕಿಲೋ, ಬಹುಪಾಲು ಬಳಸಬಹುದು. ಅದರೊಳಗಿನ ಲಿಥಿಯಂ ಮಾತ್ರ ತೂಗಿದರೆ 100 ಗ್ರಾಂಗಿಂತ ತುಸು ಹೆಚ್ಚು! ಆದರೆ ಬ್ಯಾಟರಿ ಕರೆಂಟನ್ನು ಇಟ್ಟುಕೊಳ್ಳುತ್ತದೆ, ಹುಟ್ಟಿಸುವುದಿಲ್ಲ. ದುಡ್ಡು ಹೋಗಬೇಕಾದದ್ದು ಮೊದಲು ತುಂಬುವ ದಾರಿಗೆ, ಆಮೇಲೆ ಬ್ಯಾಟರಿಗೆ ಎಂಬುದು ನನ್ನ ವಾದ.

ಲೆಕ್ಕ ಹಾಕಿ ನೋಡಿ. ಪುಟ್ಟ 12 ವೋಲ್ಟ್ ಫ್ರಿಜ್ಜು ದಿನಕ್ಕೆ 30 ಎಎಚ್ ನುಂಗುತ್ತದೆ. ರಾತ್ರಿಯಿಡೀ ತಿರುಗುವ ಫ್ಯಾನು, ದೀಪ, ನೀರಿನ ಪಂಪು, ಮೊಬೈಲು ಸೇರಿದರೆ 60. ಈಗ ದಾರಿ. ಶ್ರೀರಂಗಪಟ್ಟಣದಿಂದ ಪಾಂಡವಪುರದ ಮೇಲೆ ಮೇಲುಕೋಟೆಗೆ ಒಂದು ಗಂಟೆ, ಮೇಲುಕೋಟೆಯಿಂದ ನಾಗಮಂಗಲಕ್ಕೋ ಕೆ.ಆರ್. ಪೇಟೆಗೋ ಅದಕ್ಕೂ ಕಡಿಮೆ. ಎಂಜಿನ್ನು ಗಂಟೆಗೆ 30 ಎಎಚ್ ತುಂಬಿಸಿದರೂ ದಿನಕ್ಕೆ 30 ಬಾಕಿ ಬೀಳುತ್ತದೆ. 100 ಎಎಚ್ ಬ್ಯಾಟರಿ ಮೂರನೆಯ ರಾತ್ರಿ ಕೈಕೊಡುತ್ತದೆ, ಅದರ ಎರಡರಷ್ಟು ಬೆಲೆ ತೆತ್ತು ತಂದ 200 ಎಎಚ್ ಬ್ಯಾಟರಿ ಆರನೆಯ ರಾತ್ರಿ. ರಾಜಸ್ಥಾನಕ್ಕೋ ಲಡಾಖಿಗೋ ದಿನಕ್ಕೆ ಎಂಟು ಗಂಟೆ ಓಡಿಸುವವರಿಗೆ ಈ ಕೊರತೆ ಗೊತ್ತೇ ಆಗುವುದಿಲ್ಲ. ನಮ್ಮ ತಾಲ್ಲೂಕುಗಳ ನಡುವಿನ ಸಣ್ಣ ಓಡಾಟದಲ್ಲಿ ಅದು ಎದ್ದು ಕಾಣುತ್ತದೆ.

ಹಾಗಿದ್ದರೆ ಎಂಜಿನ್ನಿನಿಂದ ಇನ್ನಷ್ಟು ಎಳೆದರಾಯಿತಲ್ಲ ಎನ್ನಬಹುದು. ಅಲ್ಲಿಯೇ ಈ ಬ್ಯಾಟರಿಯ ಸೋಜಿಗವೂ ಅಪಾಯವೂ ಇರುವುದು. ಕ್ಯಾಂಪರ್‌ಗಳಿಗೆ ಹಾಕುವುದು ಲಿಥಿಯಂ ಐರನ್ ಫಾಸ್ಫೇಟ್. 1997ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದ ಟೆಕ್ಸಾಸಿನ ಪ್ರಬಂಧದ ಮೇಲಿರುವ ಹೆಸರುಗಳು ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್. ಕೊನೆಯವರಿಗೆ 2019ರಲ್ಲಿ ನೊಬೆಲ್ ಬಂತು. ನಡುವಿನ ಹೆಸರು ನಂಜನಗೂಡಿನ ಪಕ್ಕದವರಾದ ನಮ್ಮ ಕಿವಿಗೆ ಹಿತ. ಇದೇ ವಸ್ತುವನ್ನು ಪ್ರಕೃತಿ ಎಂದೋ ತಯಾರಿಸಿಟ್ಟಿದೆ: ಟ್ರಿಫೈಲೈಟ್ ಎಂಬ ಖನಿಜ, ಲಿಥಿಯಂ ಹೊತ್ತ ಪೆಗ್ಮಟೈಟ್ ಬಂಡೆಗಳಲ್ಲಿ ಪ್ರಪಂಚದ ಹಲವೆಡೆ ಸಿಗುತ್ತದೆ. ಮರಳಗಾಲದ್ದೂ ಪೆಗ್ಮಟೈಟೇ, ಆದರೆ ಅಲ್ಲಿನ ಮುಖ್ಯ ಲಿಥಿಯಂ ಖನಿಜ ಸ್ಪೋಡುಮೀನ್. ಟ್ರಿಫೈಲೈಟಿನ ಹರಳಿನೊಳಗೆ ನೇರವಾದ ಓಣಿಗಳಿವೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಓಣಿ ಬಿಟ್ಟು ಹೊರಡುತ್ತವೆ, ಬಳಸುವಾಗ ಮರಳುತ್ತವೆ, ಹರಳಿನ ಚೌಕಟ್ಟು ಮುರಿಯುವುದಿಲ್ಲ. ನಡುವಿನ ಹಂತದಲ್ಲಿ ಲಿಥಿಯಂ ತುಂಬಿದ ಭಾಗ, ಖಾಲಿಯಾದ ಭಾಗ ಎರಡೂ ಒಟ್ಟಿಗೇ ಇರುತ್ತವೆ. ಮಂಜುಗಡ್ಡೆಯೂ ನೀರೂ ಬೆರೆತಿರುವವರೆಗೆ ಪಾತ್ರೆಯ ಉಷ್ಣತೆ ಸೊನ್ನೆ ಬಿಟ್ಟು ಕದಲುವುದಿಲ್ಲವಲ್ಲ, ಹಾಗೆ ಇಲ್ಲಿ ವೋಲ್ಟೇಜ್ ಕದಲುವುದಿಲ್ಲ. ಶೇ 80ರಿಂದ 30ಕ್ಕೆ ಇಳಿದರೂ ವ್ಯತ್ಯಾಸ ಹೆಚ್ಚೆಂದರೆ 0.3 ವೋಲ್ಟ್. ಹೀಗಾಗಿ ವೋಲ್ಟ್ ಮೀಟರು ನೋಡಿ ಎಷ್ಟು ಉಳಿದಿದೆ ಎಂದು ಹೇಳುವುದು ಗಿಳಿಶಾಸ್ತ್ರಕ್ಕಿಂತ ಮೇಲಲ್ಲ. ಹೋದ ಆಂಪಿಯರ್, ಬಂದ ಆಂಪಿಯರ್ ಎಣಿಸುವ ಶಂಟ್ ಮೀಟರೇ ಬೇಕು. ಇನ್ನೊಂದು ಪರಿಣಾಮ ದುಬಾರಿಯದು. ಸೀಸದ ಬ್ಯಾಟರಿ ತುಂಬುತ್ತ ಬಂದಂತೆ ತಾನೇ ಬೇಡವೆಂದು ಕರೆಂಟ್ ಇಳಿಸಿಕೊಳ್ಳುತ್ತದೆ, ಎಂಜಿನ್ನಿನಿಂದ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿಗೆ ಅದೇ ಅಭ್ಯಾಸ. ಲಿಥಿಯಂ ಕೊಟ್ಟಷ್ಟನ್ನೂ ಕೊನೆಯವರೆಗೆ ಎಳೆಯುತ್ತದೆ. ಬೆಟ್ಟದ ಏರಿನಲ್ಲಿ, ಕೊರಕಲಿನಲ್ಲಿ ಎಂಜಿನ್ನು ನಿಧಾನ ತಿರುಗುತ್ತಿರುವಾಗ ಆಲ್ಟರ್ನೇಟರಿನ ಸ್ವಂತ ಫ್ಯಾನು ಗಾಳಿ ಹೊಡೆಯುವುದೂ ಕಡಿಮೆ. ಕಾದು ಕಾದು ಸುರುಳಿ ಸುಡುತ್ತದೆ.

ದಪ್ಪ ವೈರ್ ಹಾಕಿದರೆ ಸರಿಹೋಗುತ್ತದೆ ಎಂಬ ಗ್ಯಾರೇಜಿನ ಸಲಹೆ ಈ ರೋಗಕ್ಕೆ ಮದ್ದಲ್ಲ, ದಪ್ಪ ವೈರಿನಲ್ಲಿ ಇನ್ನಷ್ಟು ಕರೆಂಟ್ ಹರಿದು ಆಲ್ಟರ್ನೇಟರು ಇನ್ನೂ ಬೇಗ ಸುಡುತ್ತದೆ. ನಡುವೆ ಡಿಸಿ-ಡಿಸಿ ಚಾರ್ಜರ್ ಬೇಕು. ಅದು 30 ಆಂಪಿಯರ್ ಎಂದರೆ 30ಕ್ಕೇ ಕಡಿವಾಣ ಹಾಕಿ, ಲಿಥಿಯಂಗೆ ಬೇಕಾದ ವೋಲ್ಟೇಜನ್ನು ತಾನೇ ಕಟ್ಟಿಕೊಡುತ್ತದೆ. ಬೇಡಿಕೆ ಕಡಿಮೆಯಾದಾಗ ಆಲ್ಟರ್ನೇಟರಿನ ವೋಲ್ಟೇಜನ್ನೇ ಇಳಿಸುವ ಹೊಸ ಗಾಡಿಗಳಲ್ಲಂತೂ ಅದಿಲ್ಲದೆ ಬ್ಯಾಟರಿ ತುಂಬುವುದೇ ಅನುಮಾನ. ವೈರ್ ದಪ್ಪಗಿರಬೇಕು ಎಂಬುದೂ ಸುಳ್ಳಲ್ಲ, ಕಾರಣ ಮಾತ್ರ ಬೇರೆ. 1902ರಲ್ಲಿ ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದಾಗ ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದರು. ವೋಲ್ಟೇಜ್ ಏರಿದರೆ ಅದೇ ಶಕ್ತಿಗೆ ಆಂಪಿಯರ್ ಕಡಿಮೆ ಸಾಕು, ತಂತಿಯಲ್ಲಿ ನಷ್ಟವಾಗುವುದು ಆಂಪಿಯರಿನ ವರ್ಗದಷ್ಟು. ಕ್ಯಾಂಪರಿನ 12 ವೋಲ್ಟ್ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕು: 1,500 ವಾಟ್‌ನ ಇಂಡಕ್ಷನ್ ಒಲೆಯನ್ನು ಇನ್ವರ್ಟರ್ ಮೂಲಕ ಹಚ್ಚಿದರೆ ಬ್ಯಾಟರಿಯಿಂದ 130 ಆಂಪಿಯರ್‌ಗೂ ಮೇಲೆ ಹರಿಯುತ್ತದೆ, ಅದಕ್ಕೇ ದಪ್ಪ ವೈರು. ಮುದ್ದೆ ಬೇಯಿಸಲು ಗ್ಯಾಸೇ ವಾಸಿ.

ಸೋಲಾರ್ ಇದೆಯಲ್ಲ ಎನ್ನುವವರ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಗಾಡಿಯ ಚಾವಣಿಯ ಮೇಲೆ ಮಲಗಿಸಿದ 200 ವಾಟ್ ಪ್ಯಾನೆಲ್ ಮಂಡ್ಯದ ಬೇಸಿಗೆಯಲ್ಲಿ 50 ಎಎಚ್ ಆಸುಪಾಸು ಕೊಡಬಲ್ಲದು, ಮೇಲೆ ಹೇಳಿದ ಬಾಕಿ ತೀರಿ ಮಿಗುತ್ತದೆ. ತೊಂದರೆಯೆಂದರೆ ಅದೇ ಬೇಸಿಗೆಯಲ್ಲಿ ಮನುಷ್ಯರಿಗೆ ಹುಣಸೆಮರದ ನೆರಳು ಬೇಕು, ಪ್ಯಾನೆಲ್ಲಿಗೆ ಬಿಸಿಲು. ಆಷಾಢದ ಮೋಡದಲ್ಲಿ ಅರ್ಧವೂ ಬರುವುದಿಲ್ಲ. ಆದ್ದರಿಂದ ಸೋಲಾರ್, ಡಿಸಿ-ಡಿಸಿ ಚಾರ್ಜರ್ ಎರಡೂ ಇರಲಿ. ಬೆಂಕಿಯ ಭಯ ಹೇಳುವವರು ಹೊತ್ತಿ ಉರಿದ ವಿದ್ಯುತ್ ಸ್ಕೂಟರುಗಳ ಸುದ್ದಿ ನೆನೆಯುತ್ತಾರೆ. ಫಾಸ್ಫೇಟಿನಲ್ಲಿ ಆಮ್ಲಜನಕವನ್ನು ರಂಜಕ ಬಿಗಿಯಾಗಿ ಹಿಡಿದಿರುವುದರಿಂದ ನಿಕ್ಕಲ್, ಕೋಬಾಲ್ಟ್ ಬಳಸುವ ಬ್ಯಾಟರಿಗಳಷ್ಟು ಸುಲಭವಾಗಿ ಇದು ಉರಿಯುವುದಿಲ್ಲ. ಉರಿಯುವುದು ಹೆಚ್ಚಾಗಿ ವೈರು. ಆಯುಧಪೂಜೆಗೆ ಕುಂಬಳಕಾಯಿ ಒಡೆದು, ಬಂಪರಿಗೆ ನಿಂಬೆಹಣ್ಣು–ಮೆಣಸಿನಕಾಯಿ ಕಟ್ಟಿ, ಫ್ಯೂಸಿಗೆ ಮಾತ್ರ ಕಂಜೂಸ್ ಮಾಡುವವರನ್ನು ಏನೆನ್ನಬೇಕು? ಶಾರ್ಟ್ ಆದ ಲಿಥಿಯಂ ಬ್ಯಾಟರಿ ಕ್ಷಣದಲ್ಲಿ ಸಾವಿರಾರು ಆಂಪಿಯರ್ ಉಗುಳುತ್ತದೆ. ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ಪ್ಲಸ್ಸಿನಿಂದ ಗೇಣುದ್ದದೊಳಗೆ. ವೈರು ತಗಡಿನ ತೂತು ದಾಟುವ ಕಡೆಯಲ್ಲೆಲ್ಲ ರಬ್ಬರ್ ಬುಷ್ ಬೇಕು. ಕಚ್ಚಾ ದಾರಿಯ ಕುಲುಕಾಟಕ್ಕೆ ಇನ್ಸುಲೇಷನ್ ಮೊದಲು ಸವೆಯುವುದು ಅಲ್ಲೇ.