ಉಪಸಂಹಾರದ ಎಲ್ಲೆ: ಸಂಶೋಧನ ಲೇಖನಗಳ ಕೊನೆಯ ಭಾಗವನ್ನು ಕುರಿತು

ಕನ್ನಡ ಸಂಶೋಧನ ಲೇಖನಗಳಲ್ಲಿ ಅತ್ಯಂತ ಅವಸರದಿಂದ ಬರೆಯಲ್ಪಡುವ ಭಾಗವೆಂದರೆ ಉಪಸಂಹಾರ. ಆಕರ ಸಂಗ್ರಹ, ವರ್ಗೀಕರಣ, ವಿಶ್ಲೇಷಣೆಗಳಲ್ಲಿ ವರ್ಷಗಳನ್ನು ಕಳೆದ ಸಂಶೋಧಕರು ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ದಣಿದಿರುತ್ತಾರೆ. ‘ಈವರೆಗೆ ಚರ್ಚಿಸಿದಂತೆ’ ಎಂದು ಆರಂಭವಾಗಿ, ‘ಈ ವಿಷಯದಲ್ಲಿ ಇನ್ನೂ ಹೆಚ್ಚಿನ ಸಂಶೋಧನೆ ನಡೆಯಬೇಕಾಗಿದೆ’ ಎಂದು ಮುಗಿಯುವ ಪುಟಗಳು ನಮಗೆಲ್ಲ ಪರಿಚಿತವೇ. ಮೊದಲನೆಯದು ಸಾರಾಂಶ, ಎರಡನೆಯದು ಸೌಜನ್ಯ. ಇವೆರಡರ ನಡುವೆ ಇರಬೇಕಾದ ಫಲಿತ ಮಾತ್ರ ಕಾಣಸಿಗದು. ಆದರೂ ಫಲಿತವಿಲ್ಲದ ಉಪಸಂಹಾರದಿಂದ ಆಗುವ ಹಾನಿ ಕಡಿಮೆ. ಆಕರಗಳು ಹೇಳದುದನ್ನು ಆಕರಗಳ ಹೆಸರಿನಲ್ಲಿ ಹೇಳುವ ಉಪಸಂಹಾರ ಅದಕ್ಕಿಂತ ಅಪಾಯಕಾರಿ. ಮುಂದಿನ ಸಂಶೋಧಕರು ಸಾಮಾನ್ಯವಾಗಿ ಎತ್ತಿ ಉಲ್ಲೇಖಿಸುವುದು ಆ ಕೊನೆಯ ಪುಟವನ್ನೇ.

ಇದಕ್ಕೆ ನಿದರ್ಶನವನ್ನು ಪ್ರಸ್ತುತ ಲೇಖಕಿ ತನ್ನ ಕರಡಿನಿಂದಲೇ ಕೊಡಬಹುದು. ಅಧ್ಯಯನದ ವಿಷಯ ಹರಪನಹಳ್ಳಿ ತಾಲ್ಲೂಕಿನ ಜಾತ್ರೆಗಳು. ಕೇಂದ್ರ ನಾರದಮುನಿಯ ತೇರಿಗೆ ಹೆಸರಾದ ಚಿಗಟೇರಿ. ನೋಂದಣಿಯಾದ 2017ರಲ್ಲಿ ಈ ತಾಲ್ಲೂಕು ದಾವಣಗೆರೆ ಜಿಲ್ಲೆಯಲ್ಲಿತ್ತು. ಮೊದಲ ಕರಡಿನ ಉಪಸಂಹಾರದಲ್ಲಿ ‘ದಾವಣಗೆರೆ ಜಿಲ್ಲೆಯ ಜಾತ್ರೆಗಳು ಬಯಲುಸೀಮೆಯ ಲಕ್ಷಣಗಳನ್ನು ಪ್ರಧಾನವಾಗಿ ತೋರುತ್ತವೆ’ ಎಂಬ ವಾಕ್ಯವಿತ್ತು. ಮಾರ್ಗದರ್ಶಕರು ಅಂಚಿನಲ್ಲಿ ಬರೆದದ್ದು ಒಂದೇ ಪ್ರಶ್ನೆ: ‘ಚನ್ನಗಿರಿಗೆ ಹೋಗಿದ್ದೆಯೇನಮ್ಮ?’ ಹೋಗಿರಲಿಲ್ಲ.

ದಾವಣಗೆರೆ ಜಿಲ್ಲೆ 1997ರಲ್ಲಿ ರೂಪುಗೊಂಡದ್ದು ಮೂರು ಜಿಲ್ಲೆಗಳ ತಾಲ್ಲೂಕುಗಳನ್ನು ಕೂಡಿಸಿ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದಲೂ, ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ, ಹರಪನಹಳ್ಳಿ ಬಳ್ಳಾರಿಯಿಂದಲೂ ಬಂದವು. ಒಂದು ತಾಲ್ಲೂಕನ್ನು ನೋಡಿ ಇಡೀ ಜಿಲ್ಲೆಯ ಬಗೆಗೆ ಆಡಿದ ಮಾತು ಬರೆದ ದಿನವೇ ತಪ್ಪಾಗಿತ್ತು. ಅಷ್ಟರಲ್ಲಿ, 2018ರಲ್ಲಿ, ಸಂವಿಧಾನದ 371(ಜೆ) ವಿಧಿಯ ಸೌಲಭ್ಯದ ಬೇಡಿಕೆಯ ಹಿನ್ನೆಲೆಯಲ್ಲಿ ಹರಪನಹಳ್ಳಿ ಮರಳಿ ಬಳ್ಳಾರಿಗೆ ಸೇರಿತು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಹೋಯಿತು. ಅದಕ್ಕೂ ಹಿಂದೆ, 1953ರವರೆಗೆ, ಈ ಭಾಗವೆಲ್ಲ ಮದರಾಸು ರಾಜ್ಯದಲ್ಲಿತ್ತು. ಕಾಲು ಶತಮಾನದೊಳಗೆ ಚಿಗಟೇರಿ ಮೂರು ಸಲ ಜಿಲ್ಲೆ ಬದಲಿಸಿತು, ತೇರಿನ ಬೀದಿ ಬದಲಾಗಲಿಲ್ಲ. (ದಾವಣಗೆರೆಯ ಜಿಲ್ಲಾ ಆಸ್ಪತ್ರೆಗೆ ಇಂದಿಗೂ ಚಿಗಟೇರಿಯ ಹೆಸರೇ ಇದೆ.) ಬಳ್ಳಾರಿಯ ಹೆಸರಿಟ್ಟು ಆ ವಾಕ್ಯವನ್ನು ತಿದ್ದಿದ್ದರೆ ಅದು ಮೂರು ವರ್ಷ ಬಾಳುತ್ತಿತ್ತು, ಅಷ್ಟೆ.

ಜಿಲ್ಲಾವಾರು ಅಧ್ಯಯನಗಳು ನಮ್ಮ ವಿಭಾಗಗಳಲ್ಲಿ ಹೇರಳವಾಗಿರುವುದರಿಂದ ಈ ತೊಡಕು ಒಬ್ಬರದಲ್ಲ. ಕ್ಷೇತ್ರಕಾರ್ಯದ ಅನುಕೂಲಕ್ಕಾಗಿ ಜಿಲ್ಲೆಯನ್ನು ಆರಿಸಿಕೊಳ್ಳುವುದು ಸಹಜ. ಆದರೆ ಪೀಠಿಕೆಯಲ್ಲಿ ಅನುಕೂಲವಾಗಿದ್ದ ಗೆರೆ ಉಪಸಂಹಾರಕ್ಕೆ ಬರುವಾಗ ಸಾಂಸ್ಕೃತಿಕ ಘಟಕವಾಗಿ ಮಾರ್ಪಟ್ಟಿರುತ್ತದೆ, ಮತ್ತು ಈ ಮಾರ್ಪಾಟನ್ನು ಸಾಧಿಸಿ ತೋರಿಸುವ ಅಧ್ಯಾಯ ನಡುವೆ ಎಲ್ಲಿಯೂ ಇರುವುದಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರವನ್ನು ನೋಡಬಹುದು. ಅಲ್ಲಿನ ಗೊರವರ ಪರಂಪರೆಯೂ ಕಾರ್ಣಿಕವೂ ತುಂಗಭದ್ರೆಯ ಆಚೆಗಿನ ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲಿಯೂ ಇವೆ. ಹೊಳೆಯ ಈಚೆಗೆ ನಿಂತು ‘ಈ ಜಿಲ್ಲೆಯ ವಿಶಿಷ್ಟ ಆಚರಣೆ’ ಎಂದು ಮುಗಿಸುವ ಲೇಖನವು, ಆಚೆಗೆ ನೋಡದಿರುವುದನ್ನೇ ವೈಶಿಷ್ಟ್ಯವೆಂದು ಎಣಿಸಿದಂತಾಗುತ್ತದೆ. ಇಲ್ಲಿ ಎಲ್ಲೆ ಆಕರಕ್ಕಿಂತ ಹಿಗ್ಗಿಲ್ಲ, ಕುಗ್ಗಿದೆ. ದೋಷ ಮಾತ್ರ ಅದೇ.

ಪಠ್ಯಾಧಾರಿತ ಸಂಶೋಧನೆಯೂ ಇದಕ್ಕೆ ಹೊರತಲ್ಲ. ಕೆ.ಬಿ. ಪಾಠಕರು 1898ರಲ್ಲಿ ‘ಕವಿರಾಜಮಾರ್ಗ’ವನ್ನು ನೃಪತುಂಗನ ಕೃತಿಯೆಂದು ಪ್ರಕಟಿಸಿದರು. ಕೃತಿಯಲ್ಲಿ ಬರುವ ‘ನೃಪತುಂಗದೇವಾನುಮತ’ ಎಂಬ ಮಾತು, ಗ್ರಂಥವು ದೊರೆಯ ಅಭಿಪ್ರಾಯಕ್ಕೆ ಸಮ್ಮತವಾದುದು ಎಂಬಷ್ಟನ್ನು ಹೇಳಬಲ್ಲದು. ದೊರೆಯೇ ಬರೆದನೆಂದು ಹೇಳಲು ಬೇರೆ ಆಧಾರ ಬೇಕು. ಮುಂದಿನ ವಿದ್ವಾಂಸರ ಚರ್ಚೆ ಈ ಅಂತರದಲ್ಲಿಯೇ ಬೆಳೆದು, ಎಂ.ವಿ. ಸೀತಾರಾಮಯ್ಯನವರ ಸಂಪಾದನೆ ಶ್ರೀವಿಜಯನ ಹೆಸರಿನಲ್ಲಿ ಹೊರಬಂದಿತು. ಪಾಠಕರ ಸಂಪಾದನೆಯ ಹಿರಿಮೆ ಇದರಿಂದ ಕುಂದುವುದಿಲ್ಲ. ಆಕರವನ್ನು ಮುಂದಿಟ್ಟವರು ಅವರೇ. ಹಲ್ಮಿಡಿಯ ವಿಷಯದಲ್ಲಿಯೂ ಅಷ್ಟೆ. ‘ಕನ್ನಡದ ಮೊದಲ ಶಾಸನ’ ಎಂದು ಬರೆದವರು ತಾಳಗುಂದದ ಸಿಂಹಕಟಾಂಜನ ಶಾಸನದ ಕಾಲದ ಚರ್ಚೆ ಎದ್ದಾಗ ವಾದಕ್ಕೆ ನಿಲ್ಲಬೇಕಾಯಿತು. ‘ಈವರೆಗೆ ದೊರೆತವುಗಳಲ್ಲಿ’ ಎಂಬ ಎರಡು ಪದಗಳನ್ನು ಸೇರಿಸಿದ್ದವರಿಗೆ ಆ ಕಷ್ಟವಿರಲಿಲ್ಲ.

ಹಾಗೆಂದು ಪ್ರತಿ ವಾಕ್ಯಕ್ಕೂ ‘ಇರಬಹುದು’ ಎಂಬ ಬಾಲ ಹಚ್ಚುವುದು ಪರಿಹಾರವಲ್ಲ. ಆಕರ ಗಟ್ಟಿಯಾಗಿರುವೆಡೆ ‘ಅನ್ನಿಸುತ್ತದೆ’, ‘ಎನ್ನಬಹುದಾಗಿದೆ’ ಎಂದು ಬರೆಯುವುದು ವಿನಯವಲ್ಲ, ಹೊಣೆಯಿಂದ ನುಣುಚಿಕೊಳ್ಳುವುದು. ಉಪಸಂಹಾರದ ಒಂದೊಂದು ವಾಕ್ಯವನ್ನೂ ಎತ್ತಿಕೊಂಡು, ಅದು ಲೇಖನದ ಯಾವ ಪುಟದ ಯಾವ ಆಕರದ ಮೇಲೆ ನಿಂತಿದೆ ಎಂದು ಅಂಚಿನಲ್ಲಿ ಗುರುತಿಸುತ್ತ ಹೋಗುವುದು ಉಪಯುಕ್ತ. ಪುಟ ಸಿಗದ ವಾಕ್ಯಗಳು ತಾವಾಗಿ ಬೇರ್ಪಡುತ್ತವೆ. ಪ್ರಸ್ತುತ ಲೇಖಕಿಯ ಕರಡಿನಲ್ಲಿ ಹೆಚ್ಚು ಇಷ್ಟವಾಗಿದ್ದ ವಾಕ್ಯಗಳೇ ಹಾಗೆ ಬೇರ್ಪಟ್ಟವು. ‘ಇನ್ನೂ ಹೆಚ್ಚಿನ ಸಂಶೋಧನೆ’ ಎಂಬ ಮಾತಿನ ಬದಲು ಯಾವ ಊರು ನೋಡಿಲ್ಲ, ಯಾವ ಹಸ್ತಪ್ರತಿ ಸಿಕ್ಕಿಲ್ಲ, ಏನು ದೊರೆತರೆ ಈ ಫಲಿತ ಬಿದ್ದುಹೋಗುತ್ತದೆ ಎಂಬುದನ್ನು ಹೆಸರಿಸಿದರೆ ಮುಂದೆ ಬರುವವರಿಗೆ ದಾರಿ ಸಿಗುತ್ತದೆ.

ಕೊನೆಗೆ ಪ್ರಬಂಧದಲ್ಲಿ ಉಳಿದ ವಾಕ್ಯ ‘ಅನುಬಂಧದಲ್ಲಿ ಹೆಸರಿಸಿದ ಹರಪನಹಳ್ಳಿ ತಾಲ್ಲೂಕಿನ ಊರುಗಳಲ್ಲಿ, 2017ರಿಂದ 2019ರವರೆಗೆ ಕಂಡ ಜಾತ್ರೆಗಳಲ್ಲಿ’ ಎಂದು ತೊಡಗುತ್ತದೆ. ಅದರ ಕೆಳಗೆ, ಹೋಲಿಕೆಗೆ ನೋಡಬೇಕಾಗಿದ್ದು ನೋಡಲಾಗದೆ ಉಳಿದವು ಎಂಬ ಒಕ್ಕಣೆಯೊಂದಿಗೆ, ಚನ್ನಗಿರಿ ಮತ್ತು ಹೊನ್ನಾಳಿಯ ಹೆಸರುಗಳಿವೆ.