ಆರು ಹುಟ್ಟಿಗೆ ಒಂದೇ ಲಯ

ರಾಣೆಬೆನ್ನೂರು ತಾಲ್ಲೂಕಿನ ಐರಣಿ, ಕುಮಾರಪಟ್ಟಣದ ಕಡೆಯವರಿಗೆ ತುಂಗಭದ್ರೆಯ ಹರಿಗೋಲು ಹೊಸದಲ್ಲ. ಬಿದಿರಿನ ದುಂಡು ಬುಟ್ಟಿ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಅದಕ್ಕೆ ಹಿಂದು ಮುಂದು ಎಂಬುದೇ ಇಲ್ಲ. ಹುಟ್ಟು ಹಾಕುವವ ತುಸು ಮೈಮರೆತರೆ ನಿಂತಲ್ಲೇ ಗಿರಗಿರನೆ ತಿರುಗೀತು, ಆದರೆ ಸುಲಭಕ್ಕೆ ಮಗುಚದು. ಹಂಪಿ ಉತ್ಸವದ ಹೊತ್ತಿಗೆ ಕಮಲಾಪುರದ ಕೆರೆಯಲ್ಲಿ ಹರಿಗೋಲು ಸ್ಪರ್ಧೆ ನಡೆದರೆ ದಡದವರಿಗೆ ಅರ್ಧ ಮಜಾ ಈ ತಿರುಗಾಟದ್ದೇ.

ಪೆಸಿಫಿಕ್ ದ್ವೀಪಗಳ ಔಟ್‌ರಿಗರ್ ದೋಣಿಯ ಜಾಯಮಾನ ಇದಕ್ಕೆ ತೀರಾ ಉಲ್ಟಾ. ಆರು ಮಂದಿ ಒಬ್ಬರ ಹಿಂದೊಬ್ಬರು ಕೂರುವ ಸ್ಪರ್ಧೆಯ ದೋಣಿ ಸುಮಾರು 13 ಮೀಟರ್ ಉದ್ದ. ಅಗಲ ಒಂದು ಮೊಳ ದಾಟಿದರೆ ಹೆಚ್ಚು. ನೇರವಾಗಿ ಓಡುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಬರೀ ಒಡಲನ್ನು ನೀರಿಗೆ ಬಿಟ್ಟರೆ ಹತ್ತಿದವರು ಅಲ್ಲೇ ಮುಳುಗು ಹಾಕಬೇಕು. ಅದಕ್ಕೇ ಎಡಬದಿಗೆ ಎರಡು ಅಡ್ಡತೊಲೆ ಚಾಚಿ, ಅವುಗಳ ತುದಿಗೆ ದೋಣಿಯ ಉದ್ದಕ್ಕೇ ಒಂದು ತೇಲುಮರ ಕಟ್ಟುತ್ತಾರೆ. ಹವಾಯಿಯವರ ಬಾಯಲ್ಲಿ ತೇಲುಮರ 'ಅಮಾ', ತೊಲೆಗಳು 'ಇಯಾಕೊ'. ದೋಣಿ ಎಡಕ್ಕೆ ವಾಲಿದರೆ ಅಮಾ ಮುಳುಗಲೊಲ್ಲದೆ ತಡೆಯುತ್ತದೆ. ಬಲಕ್ಕೆ ವಾಲಿದರೆ ತನ್ನ ಭಾರದಿಂದ ಹಿಂದಕ್ಕೆ ಜಗ್ಗುತ್ತದೆ. ಆ ಜಗ್ಗಾಟವೂ ಸೋತರೆ ಆರೂ ಮಂದಿ ನೀರುಪಾಲು.

ಇದು ನಮಗೆ ಪೂರ್ತಿ ಪರದೇಶದ ವಸ್ತುವೇನಲ್ಲ. ಹಾವೇರಿಯಿಂದ ಶಿರಸಿ ದಾಟಿ ಘಟ್ಟ ಇಳಿದರೆ ಸಿಗುವ ಕರಾವಳಿಯ ಮೀನುಗಾರರು ತೇಲುಮರ ಕಟ್ಟಿದ ದೋಣಿಗಳಲ್ಲಿ ಕಡಲಿಗೆ ಇಳಿಯುತ್ತಿದ್ದರು. ದಡದಿಂದ ಎಳೆಯುವ ರಾಂಪಣಿ ಬಲೆ ಹೊರುವ ದೊಡ್ಡ ದೋಣಿಗಳಿಗೂ ಪಕ್ಕದಲ್ಲೊಂದು ತೇಲುಮರ ಇರುತ್ತಿತ್ತು. ಮದ್ರಾಸ್ ಸರ್ಕಾರದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1920ರಲ್ಲಿ ಭಾರತದ ದೋಣಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ಇವುಗಳಿಗೂ ಪೆಸಿಫಿಕ್‌ನ ಪಾಲಿನೇಷ್ಯಾ ದ್ವೀಪಗಳ ನಾವಿಕರಿಗೂ ನಂಟು ಹೆಣೆದ. ಅವನ ತರ್ಕವನ್ನು ಪೂರ್ತಿ ಒಪ್ಪಬೇಕಿಲ್ಲ. ಅವನು ಕಂಡು ಬರೆದಿಟ್ಟ ದೋಣಿಗಳನ್ನಂತೂ ಅಲ್ಲಗಳೆಯುವಂತಿಲ್ಲ. 1970ರ ದಶಕದಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದು, ಬಂಗಡೆ, ತಾರ್ಲೆಗಳನ್ನು ದಡ ಸೇರುವ ಮೊದಲೇ ಬಾಚತೊಡಗಿದ ಮೇಲೆ ರಾಂಪಣಿ ಸೊರಗಿತು.

ನಮ್ಮಲ್ಲಿ ಹೊಟ್ಟೆಪಾಡಾಗಿಯೇ ಉಳಿದದ್ದು ಹವಾಯಿಯಲ್ಲಿ ಪಂದ್ಯವಾಗಿಯೂ ಬೆಳೆಯಿತು. 1908ರಲ್ಲಿ ವೈಕಿಕಿ ತೀರದಲ್ಲಿ ಔಟ್‌ರಿಗರ್ ಕನೂ ಕ್ಲಬ್ ಹುಟ್ಟಿತು. ಸ್ವಲ್ಪೇ ದಿನಕ್ಕೆ ಒಲಿಂಪಿಕ್ ಈಜುಗಾರ ಡ್ಯೂಕ್ ಕಹಾನಮೋಕು ಮತ್ತವರ ಗೆಳೆಯರ 'ಹುಯಿ ನಾಲು' ಅದಕ್ಕೆ ಎದುರಾಳಿಯಾಯಿತು. 1952ರಿಂದ ಮೊಲೊಕಾಯ್ ದ್ವೀಪದಿಂದ ಓವಾಹು ದ್ವೀಪಕ್ಕೆ ಕಡಲು ದಾಟುವ ಪಂದ್ಯವೂ ಇದೆ. ಮಹಿಳೆಯರ ಪಂದ್ಯ ಶುರುವಾಗಲು 1979 ಬರಬೇಕಾಯಿತು.

ಆದರೆ ಕ್ಲಬ್ಬಿನ ನಿಜವಾದ ಪರೀಕ್ಷೆ ರೆಗಾಟ್ಟಾದಲ್ಲಿ, ಅಂದರೆ ಕ್ಲಬ್ಬುಗಳ ದೋಣಿ ಓಟದ ಕೂಟದಲ್ಲಿ. ಪಥದ ಉದ್ದ ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್. ಅರ್ಧ ಮೈಲಿಯ ಓಟಕ್ಕೆ ಬಾವುಟ ಸುತ್ತಿ ಒಂದು ತಿರುವು, ಒಂದು ಮೈಲಿಗೆ ಮೂರು. ಅಷ್ಟುದ್ದದ ದೋಣಿಯನ್ನು ಓಟದ ಭರದಲ್ಲೇ ತಿರುಗಿಸಬೇಕು. ಗೆದ್ದ ಓಟ ಕೈಜಾರುವುದು ಹೆಚ್ಚಾಗಿ ಇಲ್ಲೇ. ಮೊದಲ ಆಸನದವರು ಹುಟ್ಟಿನ ಗತಿ ಕಟ್ಟುತ್ತಾರೆ. ನಡುವಿನವರದು ಕಸುವು. ಆರನೆಯವರ ಕೈಯಲ್ಲಿ ಚುಕ್ಕಾಣಿ. ಒಬ್ಬರು ಬಲಕ್ಕೆ ಹುಟ್ಟು ಹಾಕಿದರೆ ಅವರ ಹಿಂದಿನವರು ಎಡಕ್ಕೆ. ಹತ್ತು ಹದಿನೈದು ಹುಟ್ಟಿಗೊಮ್ಮೆ ದೋಣಿಯೊಳಗಿಂದ 'ಹಟ್' ಎಂದು ಕೂಗು ಬರುತ್ತದೆ, ಮರುಕ್ಷಣ ಎಲ್ಲರ ಹುಟ್ಟೂ ಬದಿ ಬದಲಿಸುತ್ತದೆ. ನಮ್ಮ ಕೋಲಾಟದಲ್ಲಿ ಒಬ್ಬ ತಾಳ ತಪ್ಪಿದರೆ ಇಡೀ ಸುತ್ತು ಎಡವುವ ಹಾಗೆ, ಇಲ್ಲೂ ಒಬ್ಬರು ತಡವಾದರೆ ದೋಣಿ ಜಗ್ಗುತ್ತದೆ. ಆರು ಪೈಲ್ವಾನರನ್ನು ಕೂರಿಸಿದರೆ ಗೆಲುವು ಖಚಿತ ಎಂದು ಲೆಕ್ಕ ಹಾಕುವವರು ಸೋಲುವುದು ಇದಕ್ಕೇ.

ಅಂಕದ ಪದ್ಧತಿಯೂ ಚೆಂದ. ಮಕ್ಕಳಿಂದ ಹಿಡಿದು ಅರವತ್ತು ದಾಟಿದವರವರೆಗೆ, ಗಂಡಸರಿಗೆ, ಹೆಂಗಸರಿಗೆ, ಮಿಶ್ರ ತಂಡಗಳಿಗೆ ಪ್ರತ್ಯೇಕ ಓಟ. ಪ್ರತಿ ಓಟದ ಸ್ಥಾನಕ್ಕೂ ಅಂಕ. ಎಲ್ಲವೂ ಕ್ಲಬ್ಬಿನ ಖಾತೆಗೇ ಜಮಾ. ಬಲಿಷ್ಠ ತರುಣರ ತಂಡವೊಂದೇ ಇದ್ದು ಅಜ್ಜಿಯರ ದೋಣಿ ಖಾಲಿಯಾದರೆ ಕ್ಲಬ್ ಹಿಂದೆ ಬೀಳುತ್ತದೆ. ಬರೀ ಹುಡುಗರ ಕಬಡ್ಡಿ ತಂಡ ಕಟ್ಟಿ ಸುಮ್ಮನಾಗುವ ನಮ್ಮ ಯುವಕ ಸಂಘಗಳು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಕನ್ನಡಿಗರಿಗೆ ಹತ್ತಿರದಲ್ಲಿ ಇಂಥ ಪೈಪೋಟಿ ಕಾಣಸಿಗುವುದು ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿ, ತೇಜಸ್ವಿನಿ ನದಿಯ ಜಲೋತ್ಸವದಲ್ಲಿ. ಊರೂರಿನ ಕ್ಲಬ್ಬುಗಳು ಹುರಿಯಾಳುಗಳನ್ನು ತುಂಬಿದ ಉದ್ದನೆಯ ದೋಣಿ ಇಳಿಸುತ್ತವೆ, ತೇಲುಮರ ಮಾತ್ರ ಇರುವುದಿಲ್ಲ.

ತೇಲುಮರದ ದೋಣಿಯಲ್ಲೇ ಭಾರತದ ಹೆಸರು ಕೇಳಿಸಿದ್ದು ಪ್ಯಾರಾಲಿಂಪಿಕ್ಸ್‌ನಲ್ಲಿ. ಪಾಲಿನೇಷ್ಯಾದ 'ವಾ' ದೋಣಿಯ ಒಂಟಿ ಸ್ಪರ್ಧೆ ಅಲ್ಲಿಗೆ ಕಾಲಿಟ್ಟದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಗ್ವಾಲಿಯರ್‌ನ ಪ್ರಾಚಿ ಯಾದವ್ 200 ಮೀಟರ್ ಫೈನಲ್ ತಲುಪಿ ಎಂಟನೆಯವರಾದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ 'ವಾ' ದೋಣಿಯಲ್ಲಿ ಬೆಳ್ಳಿ ಗೆದ್ದ ಅವರು, ಕಯಾಕ್‌ನಲ್ಲಿ ಚಿನ್ನವನ್ನೂ ತಂದರು.